ಹೋಮ್‌ಸ್ಕೂಲಿಂಗ್: ಮೊದಲ ವಾರಕ್ಕೆ ಅರ್ಧ ಗಂಟೆ ಸಾಕು

ಮಾನ್ಯ ಸಂಪಾದಕರೇ,

ರಜೆ ಮುಗಿಯುವ ಹೊತ್ತಿಗೆ ಶಾಲೆಗೆ ಹೋಗಲು ಅಳುವ ಮಕ್ಕಳ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರುತ್ತದೆ. ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳೂ ಹೊಸ ವರ್ಷದ ಪುಸ್ತಕ ಕಂಡೊಡನೆ ಅಷ್ಟೇ ಹಠ ಹಿಡಿಯುತ್ತಾರೆ ಎಂಬುದು ಅಂಥ ಮನೆಗಳಿಗೆ ಮಾತ್ರ ಗೊತ್ತು. ‘ಮನೆಯಲ್ಲೇ ಇರೋ ಮಗುವಿಗೆ ಓದೋಕೆ ಏನು ಕಷ್ಟ?’ ಎಂದು ನೆಂಟರು ಕೇಳುತ್ತಾರೆ. ಕಷ್ಟ ಇರುವುದೇ ಅಲ್ಲಿ. ಶಾಲೆಯ ಮಗುವನ್ನು ಸಮವಸ್ತ್ರ, ಗಂಟೆಯ ಸದ್ದು, ಗೆಳೆಯರ ಗುಂಪು ಎಲ್ಲವೂ ಸೇರಿ ರಜೆಯಿಂದ ಓದಿನ ಕಡೆಗೆ ತಳ್ಳುತ್ತವೆ. ಮನೆಯ ಮಗು ನಿನ್ನೆ ಆಡಿದ ಕೋಣೆಯಲ್ಲೇ, ಬೆಳಿಗ್ಗೆ ತಲೆ ಬಾಚಿದ ಅಮ್ಮನ ಎದುರಿಗೇ, ಇವತ್ತು ವಿದ್ಯಾರ್ಥಿಯಾಗಿ ಕೂರಬೇಕು. (ಮನೆಪಾಠ ಎಂದರೆ ಎಲ್ಲರೂ ಟ್ಯೂಷನ್ ಎಂದೇ ತಿಳಿಯುವುದರಿಂದ ಇಲ್ಲಿ ಹೋಮ್‌ಸ್ಕೂಲಿಂಗ್ ಎಂಬ ಪದವನ್ನೇ ಬಳಸಿದ್ದೇನೆ.)

ಇಂಥ ಮಗುವನ್ನು ಮೊದಲ ದಿನವೇ ಪೂರ್ತಿ ವೇಳಾಪಟ್ಟಿಗೆ ಕೂರಿಸುವುದೇ ದೊಡ್ಡ ತಪ್ಪು. ಓದನ್ನು ನಾಲ್ಕು ವಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಅದಕ್ಕೂ ಮೊದಲು ಮಗು ಬೇಡ ಎನ್ನುತ್ತಿರುವುದು ಯಾವುದನ್ನು ಎಂದು ಪತ್ತೆ ಮಾಡಬೇಕು. ‘ಓದು ಬೇಡ’ ಎನ್ನುವ ಮಗುವಿಗೆ ಎಲ್ಲ ಓದೂ ಬೇಡವಾಗಿರುವುದು ಅಪರೂಪ.

ಪತ್ತೆ ಮಾಡಲು ಒಂದು ಸುಲಭದ ಉಪಾಯವಿದೆ. ಓದು ಶುರುವಾಗುವುದಕ್ಕೆ ಎರಡು ಮೂರು ವಾರ ಮೊದಲು, ಮಗು ಆರಾಮವಾಗಿರುವ ಒಂದು ಹೊತ್ತಿನಲ್ಲಿ, ಕಳೆದ ವರ್ಷದ ಪುಸ್ತಕ, ನೋಟ್‌ಬುಕ್, ಆಟದ ಸಾಮಾನು ಎಲ್ಲವನ್ನೂ ನೆಲದ ಮೇಲೆ ಹರಡಿ. ಮೂರು ಗುಡ್ಡೆ ಮಾಡಲು ಹೇಳಿ: ‘ಬೇಕು’, ‘ಪರವಾಗಿಲ್ಲ’, ‘ಬೇಡವೇ ಬೇಡ’. ಮಗು ಏನನ್ನು ಎಲ್ಲಿಟ್ಟರೂ ಮಾತಾಡಬೇಡಿ. ‘ಅಯ್ಯೋ, ಇದು ನಿಂಗೆ ಇಷ್ಟ ಇತ್ತಲ್ಲ’ ಎಂದಿರೋ ಆಟ ಅಲ್ಲಿಗೇ ಮುಗಿಯಿತು. ಮೂರನೆಯ ಗುಡ್ಡೆಯಿಂದ ಒಂದೊಂದನ್ನೇ ಎತ್ತಿ ‘ಇದರಲ್ಲಿ ಯಾವ ಪುಟ?’ ಎಂದಷ್ಟೇ ಕೇಳಿ. ಅನೇಕ ಮಕ್ಕಳು ಪುಟ ತೆಗೆದು ಬೆರಳಿಟ್ಟೇ ತೋರಿಸುತ್ತಾರೆ. ತೋರಿಸದಿದ್ದರೆ ನೋಟ್‌ಬುಕ್ಕನ್ನೇ ನೋಡಿ. ರಬ್ಬರಿನಿಂದ ಅಳಿಸಿ ಅಳಿಸಿ ಹಾಳೆ ತೆಳ್ಳಗಾದ ಜಾಗ ಸುಳ್ಳು ಹೇಳುವುದಿಲ್ಲ.

ಒಂದು ಉದಾಹರಣೆ. ‘ನಂಗೆ ಲೆಕ್ಕ ಬರಲ್ಲ’ ಎನ್ನುವ ಎಂಟೊಂಬತ್ತು ವರ್ಷದ ಮಗುವಿಗೆ 503ರಲ್ಲಿ 278 ಕಳೆಯಲು ಕೊಡಿ. ಸರಿಯುತ್ತರ 225. ಮಗು 375 ಬರೆದರೆ ಅದಕ್ಕೆ ಸಾಮಾನ್ಯವಾಗಿ ಇರುವ ಅರ್ಥ: ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ಮೇಲಿರುವುದು ಯಾವುದು, ಕೆಳಗಿರುವುದು ಯಾವುದು ಎಂದು ನೋಡಿಲ್ಲ. 8ರಲ್ಲಿ 3 ಹೋದರೆ 5, 7ರಲ್ಲಿ 0 ಹೋದರೆ 7, 5ರಲ್ಲಿ 2 ಹೋದರೆ 3. ಮಗು 325 ಬರೆದರೆ ವಿಷಯವೇ ಬೇರೆ. ಅದಕ್ಕೆ ದಶಕ ತೆಗೆದುಕೊಳ್ಳುವುದು ಗೊತ್ತು, ನಡುವಿನ ಸೊನ್ನೆಯನ್ನು 9 ಮಾಡುವುದೂ ಗೊತ್ತು. ಆದರೆ ಆ 9 ಬಂದದ್ದು ಪಕ್ಕದ ನೂರನ್ನು ಬಿಡಿಸಿದ್ದರಿಂದ, ಹಾಗಾಗಿ 5 ಈಗ 4 ಆಗಬೇಕು ಎಂಬುದು ಮರೆತಿದೆ. ಮಕ್ಕಳ ಇಂಥ ತಪ್ಪುಗಳು ಬಹಳ ಸಲ ಅಡ್ಡಾದಿಡ್ಡಿ ಬರುವುದಿಲ್ಲ, ಒಂದೇ ತಪ್ಪು ನಿಯಮ ಹಿಡಿದು ಬರುತ್ತವೆ ಎಂಬುದನ್ನು ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲೇ ವಿವರವಾಗಿ ತೋರಿಸಿದ್ದಾರೆ. ಮೊದಲ ಮಗುವಿಗೆ ಬೇಕಾದದ್ದು ಹತ್ತರ ಕಟ್ಟು ಬಿಚ್ಚಿ ಕೈಯಾರೆ ಎಣಿಸುವ ಕಡ್ಡಿಗಳು. ಎರಡನೆಯದಕ್ಕೆ ಸೊನ್ನೆಯಿರುವ ಆರೇಳು ಲೆಕ್ಕ, ಜೊತೆಗೆ ತಾಳೆ ನೋಡುವ ಇನ್ನೊಂದು ದಾರಿ: 278ರಿಂದ 280ಕ್ಕೆ 2, ಅಲ್ಲಿಂದ 300ಕ್ಕೆ 20, ಅಲ್ಲಿಂದ 503ಕ್ಕೆ 203, ಒಟ್ಟು 225. ಇಬ್ಬರಿಗೂ ‘ಲೆಕ್ಕದ ಪುಸ್ತಕ ಮೊದಲಿನಿಂದ ಮಾಡು’ ಎಂದರೆ ಇಬ್ಬರೂ ಹಠ ಹಿಡಿಯುತ್ತಾರೆ, ಅದು ನ್ಯಾಯವೂ ಹೌದು.

ಓದುವುದರಲ್ಲೂ ಹೀಗೆಯೇ. ಕನ್ನಡ ಓದಲು ತಡವರಿಸುವ ಮಗು ಸಾಮಾನ್ಯವಾಗಿ ಕಾಗುಣಿತದಲ್ಲಿ ಸಿಕ್ಕಿಕೊಂಡಿರುವುದಿಲ್ಲ, ಒತ್ತಕ್ಷರದಲ್ಲಿ ಸಿಕ್ಕಿಕೊಂಡಿರುತ್ತದೆ. ಅಕ್ಕ, ಅಣ್ಣ, ಹಳ್ಳ ಸಲೀಸಾಗಿ ಬರುತ್ತದೆ, ಅಲ್ಲಿ ಒತ್ತೂ ಅದೇ ಅಕ್ಷರದ್ದು. ಪುಸ್ತಕ, ಕಷ್ಟ, ಚಂದ್ರ ಬಂದಾಗ ವೇಗ ಅರ್ಧಕ್ಕೆ ಇಳಿಯುತ್ತದೆ. ಅರ್ಕಾವತ್ತು ಬಂದರಂತೂ ನಿಂತೇಬಿಡುತ್ತದೆ, ಯಾಕೆಂದರೆ ‘ಸೂರ್ಯ’ದಲ್ಲಿ ಮೊದಲು ಕೇಳುವ ಸದ್ದಿನ ಗುರುತು ಕಣ್ಣಿಗೆ ಕಾಣುವುದು ‘ಯ’ ಆದಮೇಲೆ. ಮಗು ‘ಸೂಯ್ರ’ ಎಂದರೆ ಅದು ಬರೆದಿರುವುದನ್ನೇ ನಿಷ್ಠೆಯಿಂದ ಓದುತ್ತಿದೆ. ಸೂರ್ಯ, ವರ್ಷ, ಮಾರ್ಗ, ಸರ್ಪ, ಧೈರ್ಯ, ಕಾರ್ಯ ಎಂಬ ಆರು ಪದಗಳನ್ನು ಚೀಟಿಯಲ್ಲಿ ಬರೆದು ದಿನಕ್ಕೆ ಮೂರು ನಿಮಿಷದಂತೆ ಒಂದು ವಾರ ಆಡಿಸಿ. ಇಡೀ ಪಾಠವನ್ನು ಹತ್ತು ಸಲ ಓದಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ರಜೆಯಲ್ಲಿ ಎಲ್ಲ ಮರೆತುಹೋಗಿದೆ ಎಂದು ಗಾಬರಿಯಾಗುವವರು ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ನೆನೆಯಬಹುದು. ಅರ್ಥವಿಲ್ಲದ ಉಚ್ಚಾರಾಂಶಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು ಅವರು ಕಂಡುಕೊಂಡದ್ದು ಎರಡು ಸಂಗತಿ. ಮರೆವು ಮೊದಮೊದಲು ಬಹಳ ಬೇಗ ಆಗುತ್ತದೆ. ಪೂರ್ತಿ ಮರೆತಂತೆ ಕಂಡದ್ದನ್ನು ಎರಡನೆಯ ಸಲ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ಸಮಯ ಸಾಕು. ಆದ್ದರಿಂದ ಮೊದಲ ಎರಡು ವಾರ ಹಳೆಯದನ್ನೇ ಮಾಡಿಸಿದರೆ ಏನೂ ನಷ್ಟವಿಲ್ಲ. ಹಾಗೆಂದು ಹಳೆಯ ಪುಸ್ತಕದ ಒಂದನೇ ಪುಟದಿಂದ ಶುರು ಮಾಡಬೇಡಿ. ಪ್ರತಿ ಅಧ್ಯಾಯದಿಂದ ಎರಡೆರಡು ಲೆಕ್ಕ ಆರಿಸಿ ಒಂದೇ ಹಾಳೆಯಲ್ಲಿ ಬರೆದುಕೊಡಿ.

ಇನ್ನು ನಿದ್ದೆ. ಹಠ ಎಂದು ಕಾಣುವುದರಲ್ಲಿ ಒಂದು ಪಾಲು ಬರೀ ನಿದ್ದೆಗೇಡು. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ ಹೇಳುತ್ತದೆ. ರಜೆಯಲ್ಲಿ ಏಳುವ ಹೊತ್ತು ಒಂದೂವರೆ ಗಂಟೆ ಮುಂದಕ್ಕೆ ಹೋಗಿದ್ದರೆ ಮೂರು ದಿನಕ್ಕೊಮ್ಮೆ 15 ನಿಮಿಷದಂತೆ ಹಿಂದಕ್ಕೆ ತನ್ನಿ, 18 ದಿನ ಹಿಡಿಯುತ್ತದೆ. ಬದಲಿಸಬೇಕಾದದ್ದು ಏಳುವ ಹೊತ್ತನ್ನು. ಮಲಗುವ ಹೊತ್ತನ್ನು ಮೊದಲು ಬದಲಿಸಿದರೆ ನಿದ್ದೆ ಬಾರದ ಮಗು ಹಾಸಿಗೆಯಲ್ಲಿ ಹೊರಳಾಡುತ್ತದೆ, ಅಲ್ಲೊಂದು ಹೊಸ ಜಗಳ. ಎದ್ದ ಕೂಡಲೇ ಹತ್ತಿಪ್ಪತ್ತು ನಿಮಿಷ ಹೊರಗಿನ ಬೆಳಕಿಗೆ ಹೋದರೆ ರಾತ್ರಿಯ ನಿದ್ದೆ ತಾನೇ ಹಿಂದಕ್ಕೆ ಸರಿಯುತ್ತದೆ.

ಶುರು ಮಾಡುವ ದಿನ ಸೋಮವಾರ ಬೇಡ. ಬುಧವಾರವೋ ಗುರುವಾರವೋ ಇರಲಿ. ಎರಡು ಮೂರು ದಿನ ಆಗುವಷ್ಟರಲ್ಲಿ ವಾರದ ಕೊನೆ ಬರುತ್ತದೆ, ಇಷ್ಟೇನಾ ಎಂದು ಮಗುವಿಗೂ ಅನ್ನಿಸುತ್ತದೆ. ಬಲೂನು ಕಟ್ಟಿ ಫೋಟೋ ತೆಗೆಯುವವರು ತೆಗೆಯಲಿ, ಕೆಡುಕೇನಿಲ್ಲ. ಆದರೆ ಆ ಉತ್ಸಾಹ ಮೂರನೆಯ ದಿನಕ್ಕೆ ಉಳಿದಿರುವುದಿಲ್ಲ.

ಮೊದಲ ಮೂರು ದಿನ ಇಪ್ಪತ್ತರಿಂದ ಮೂವತ್ತು ನಿಮಿಷ ಮಾತ್ರ. ಅದರಲ್ಲಿ ಅರ್ಧ ನೀವು ಗಟ್ಟಿಯಾಗಿ ಕಥೆ ಓದುವುದು, ಇನ್ನರ್ಧ ‘ಬೇಕು’ ಗುಡ್ಡೆಯಿಂದ ಒಂದು ಕೆಲಸ. ನಾಲ್ಕನೆಯ ದಿನದಿಂದ ಹತ್ತು ಹದಿನೈದು ನಿಮಿಷ ಲೆಕ್ಕ ಸೇರಲಿ, ಅದೂ ಕಳೆದ ವರ್ಷ ನಿಲ್ಲಿಸಿದ್ದಕ್ಕಿಂತ ಒಂದು ಹಂತ ಕೆಳಗಿನದು. ಎರಡನೆಯ ವಾರ ಬರವಣಿಗೆ ಹತ್ತು ನಿಮಿಷ. ಮೂರನೆಯ ವಾರ ಒಂದು ಹೊಸ ವಿಷಯ, ಒಂದೇ ಒಂದು. ನಾಲ್ಕನೆಯ ವಾರದ ಕೊನೆಗೆ ಪೂರ್ತಿ ವೇಳಾಪಟ್ಟಿ. ಯಾವ ಮೆಟ್ಟಿಲಲ್ಲಾದರೂ ಎರಡು ದಿನ ಸತತ ಅಳು ಬಂದರೆ ಹಿಂದಿನ ಮೆಟ್ಟಿಲಿಗೆ ಇಳಿದು ಮೂರು ದಿನ ಅಲ್ಲೇ ಇರಿ. ಪೂರ್ತಿ ಎಂದರೂ ಶಾಲೆಯಂತೆ ಆರು ಗಂಟೆಯಲ್ಲ. ಒಬ್ಬರಿಗೊಬ್ಬರು ಕೂತು ಕಲಿಸುವಾಗ ಹಾಜರಿ, ಸಾಲು, ಗದ್ದಲಕ್ಕೆ ಹೋಗುವ ಸಮಯ ಉಳಿಯುತ್ತದೆ. ಆರೇಳು ವರ್ಷದವರಿಗೆ ಒಂದರಿಂದ ಒಂದೂವರೆ ಗಂಟೆ, ಒಂಬತ್ತು ಹತ್ತರವರಿಗೆ ಎರಡರಿಂದ ಮೂರು, ಹನ್ನೆರಡು ದಾಟಿದವರಿಗೆ ಮೂರರಿಂದ ನಾಲ್ಕು ಗಂಟೆ ಧಾರಾಳ.

ಒಂದೊಂದು ಪಾಠವೂ ಚಿಕ್ಕದಿರಲಿ. ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಚಿಕ್ಕ ಮಕ್ಕಳ ಪಾಠ 20 ನಿಮಿಷ ದಾಟಬಾರದು ಎನ್ನುತ್ತಿದ್ದರು, ಹೋಮ್‌ಸ್ಕೂಲಿಂಗ್ ಮಾಡುವವರಲ್ಲಿ ಅನೇಕರು ಇಂದಿಗೂ ಅದನ್ನೇ ಪಾಲಿಸುತ್ತಾರೆ. ಹಠದ ಮಗುವಿಗೆ ಹತ್ತು ನಿಮಿಷದಿಂದ ಶುರು ಮಾಡಿ. ಮರಳಿನ ಗಡಿಯಾರವೋ ಮೊಬೈಲಿನ ಟೈಮರೋ ಯಾವುದಾದರೂ ಆದೀತು, ಮರಳಿನದಾದರೆ ಉಳಿದ ಸಮಯ ಕಣ್ಣಿಗೆ ಕಾಣುತ್ತದೆ. ಅದನ್ನು ಶುರು ಮಾಡುವುದು ಮಗುವಿನ ಕೈಯಲ್ಲೇ ಇರಲಿ.

ಈ ಟೈಮರಿನ ವಿಷಯದಲ್ಲೇ ಹೆಚ್ಚು ಮನೆಗಳು ಎಡವುವುದು. ಸಮಯ ಮುಗಿಯುತ್ತದೆ, ಮಗು ಆವತ್ತು ಅಪರೂಪಕ್ಕೆ ಚೆನ್ನಾಗಿ ಮಾಡುತ್ತಿರುತ್ತದೆ, ಅಪ್ಪನಿಗೆ ಆಸೆ ಹುಟ್ಟುತ್ತದೆ: ‘ಇನ್ನೊಂದೇ ಲೆಕ್ಕ, ಪುಟ್ಟ.’ ಮಗು ಮಾಡಿಯೂಬಿಡಬಹುದು. ಆದರೆ ಚೆನ್ನಾಗಿ ಮಾಡಿದರೆ ಕೆಲಸ ಜಾಸ್ತಿಯಾಗುತ್ತದೆ, ನಿಧಾನ ಮಾಡಿದರೆ ಅಷ್ಟಕ್ಕೇ ಮುಗಿಯುತ್ತದೆ ಎಂಬುದನ್ನು ಅದು ಆವತ್ತೇ ಕಲಿಯುತ್ತದೆ. ಮರುದಿನದಿಂದ ಪೆನ್ಸಿಲ್ ಕೆತ್ತಲು ಐದು ನಿಮಿಷ, ನೀರು ಕುಡಿಯಲು ನಾಲ್ಕು ನಿಮಿಷ. ಗಂಟೆ ಬಾರಿಸಿದರೆ ಲೆಕ್ಕ ಅರ್ಧದಲ್ಲಿದ್ದರೂ ನಿಲ್ಲಿಸಿ. ಮಗು ತಾನಾಗಿ ‘ಇದನ್ನ ಮುಗಿಸ್ತೀನಿ’ ಎಂದರೆ ಮಾತ್ರ ಮುಂದುವರಿಯಲಿ.

ಹಿಂದಿನ ರಾತ್ರಿಯೇ ಮೇಜು ಸಿದ್ಧಮಾಡಿಡಿ: ಬೇಕಾದ ಪುಟಕ್ಕೇ ತೆರೆದಿಟ್ಟ ಒಂದು ಪುಸ್ತಕ, ಕೆತ್ತಿದ ಎರಡು ಪೆನ್ಸಿಲ್, ಒಂದು ರಬ್ಬರ್, ನೀರಿನ ಲೋಟ. ಉಳಿದ ಪುಸ್ತಕಗಳೆಲ್ಲ ಕಪಾಟಿನೊಳಗೆ. ವರ್ಷದ ಹನ್ನೆರಡು ಪುಸ್ತಕಗಳನ್ನು ಮೇಜಿನ ಮೇಲೆ ಗೋಪುರದಂತೆ ಜೋಡಿಸಿದರೆ ದೊಡ್ಡವರಿಗೇ ಎದೆ ಧಸಕ್ಕೆನ್ನುತ್ತದೆ.

ಪಾಠಗಳ ಕ್ರಮವನ್ನೂ ಯೋಚಿಸಬೇಕು. ‘ಕಷ್ಟದ್ದು ಮೊದಲು ಮುಗಿಸಿಬಿಡೋಣ’ ಎಂಬುದು ದೊಡ್ಡವರ ಲೆಕ್ಕಾಚಾರ. ಹಾಗೆ ಮಾಡಿದರೆ ಮಗು ಮೇಜಿಗೇ ಬರುವುದಿಲ್ಲ. ಕೊನೆಗಿಟ್ಟರೆ ದಣಿದಿರುತ್ತದೆ, ಜೊತೆಗೆ ಬೆಳಗೆಲ್ಲ ಅದರದೇ ಭಯ. ಬೇಡದ ವಿಷಯ ಎರಡನೆಯದಾಗಿರಲಿ, ಸುಲಭದ್ದೊಂದನ್ನು ಮುಗಿಸಿ ಕೈ ಓಡುತ್ತಿರುವಾಗ. ಅದಾದ ಮೇಲೆ ಮೈ ಅಲುಗಿಸುವ ಹತ್ತು ನಿಮಿಷದ ಬಿಡುವು. ಆ ಬಿಡುವಿನಲ್ಲಿ ಮೊಬೈಲ್ ಕೊಟ್ಟರೆ ಮತ್ತೆ ಕೂರಿಸಲು ಇಪ್ಪತ್ತು ನಿಮಿಷ ಬೇಕಾದೀತು.

ಲೆಕ್ಕದಲ್ಲಿ ಮಟ್ಟ ಸರಿಯಿದೆಯೇ ಎಂದು ತಿಳಿಯಲು ಹತ್ತರಲ್ಲಿ ಎಂಟು ಎಂಬ ಅಳತೆ ಇಟ್ಟುಕೊಳ್ಳಿ. ಹತ್ತಕ್ಕೆ ಎಂಟೊಂಬತ್ತು ಸರಿಯಾದರೆ ಅಲ್ಲೇ ಇರಿ. ಏಳಕ್ಕಿಂತ ಕಡಿಮೆಯಾದರೆ ಒಂದು ಹಂತ ಕೆಳಗೆ. ಮೂರು ದಿನ ಹತ್ತಕ್ಕೆ ಹತ್ತು ಬಂದರೆ ಮುಂದಕ್ಕೆ, ಇಲ್ಲದಿದ್ದರೆ ಬೇಸರದಿಂದಲೇ ಹಠ ಶುರುವಾಗುತ್ತದೆ. ಓದುವ ಪುಸ್ತಕಕ್ಕಾದರೆ ಒಂದು ಪುಟದಲ್ಲಿ ಐದು ಕಡೆ ತಡವರಿಸಿದರೆ ಆ ಪುಸ್ತಕ ಸದ್ಯಕ್ಕೆ ನೀವು ಓದಿ ಹೇಳಬೇಕಾದದ್ದು.

ಬರವಣಿಗೆಯನ್ನು ಕಂಡರೆ ಓಡುವ ಮಕ್ಕಳು ಬಹಳ. ಅಲ್ಲಿ ಎರಡು ಕೆಲಸ ಒಟ್ಟಿಗೆ ಇವೆ: ಏನು ಬರೆಯಬೇಕೆಂದು ಯೋಚಿಸುವುದು, ಅದನ್ನು ಕೈಯಲ್ಲಿ ಮೂಡಿಸುವುದು. ಎರಡನ್ನೂ ಬಿಡಿಸಿ. ಮಗು ಹೇಳಲಿ, ನೀವು ಅದರ ಮಾತನ್ನು ತಿದ್ದದೆ ಬರೆದುಕೊಳ್ಳಿ. ಅದರಲ್ಲಿ ಒಂದು ವಾಕ್ಯ ಆರಿಸಿ ಮಗು ನಕಲು ಮಾಡಲಿ. ಹದಿನೈದು ದಿನವಾದ ಮೇಲೆ ಎರಡು ವಾಕ್ಯ. ತಪ್ಪಿರುವ ಎಲ್ಲ ಕಡೆ ಕೆಂಪು ಗೀಟು ಎಳೆಯಬೇಡಿ, ದಿನಕ್ಕೆ ಒಂದು ಬಗೆಯ ತಪ್ಪನ್ನು ಮಾತ್ರ ಹಿಡಿಯಿರಿ.

ಕೇಳುವ ರೀತಿಯಲ್ಲೂ ಒಂದು ಬಲೆ ಇದೆ. ‘ಈಗ ಓದೋಣ್ವಾ?’ ಎಂದು ಕೇಳಿದರೆ ‘ಬೇಡ’ ಎಂಬುದೂ ಒಂದು ಉತ್ತರವೇ. ಅದನ್ನು ಒಪ್ಪುವ ಮನಸ್ಸಿಲ್ಲದಿದ್ದರೆ ಕೇಳಲೇಬಾರದು. ‘ಲೆಕ್ಕ ಮೊದಲಾ, ಕಥೆ ಮೊದಲಾ?’, ‘ಮೇಜಿನ ಮೇಲಾ, ಚಾಪೆ ಮೇಲಾ?’ ಎಂದು ಕೇಳಿ. ಆಯ್ಕೆ ಎರಡೇ ಇರಲಿ, ಎರಡೂ ನಿಮಗೆ ಒಪ್ಪಿಗೆಯಿರುವಂಥವು. ನಾಲ್ಕೈದು ಕೊಟ್ಟರೆ ಆರಿಸುವುದೇ ಒಂದು ಪಾಠವಾಗುತ್ತದೆ.

ಇಷ್ಟಾದರೂ ಒಂದು ದಿನ ಮಗು ಮೇಜಿನ ಕೆಳಗೆ ನುಸುಳಿ ಕೂರುತ್ತದೆ. ಆಗ ಉಪದೇಶ ಬೇಡ, ಆ ಹೊತ್ತಿನಲ್ಲಿ ಅದು ಕಿವಿಗೆ ಬೀಳುವುದಿಲ್ಲ. ಐದು ನಿಮಿಷ ಸುಮ್ಮನೆ ಹತ್ತಿರದಲ್ಲೇ ಇರಿ. ಆಮೇಲೆ ಕೆಲಸವನ್ನು ಕಾಲುಭಾಗಕ್ಕೆ ಇಳಿಸಿ: ಹನ್ನೆರಡು ಲೆಕ್ಕ ಇದ್ದರೆ ಮೂರು. ಅದೂ ಆಗದಿದ್ದರೆ ಬಾಯಲ್ಲಿ ಹೇಳಲಿ, ನೀವು ಬರೆಯಿರಿ. ಬಿಕ್ಕಿ ಅಳುತ್ತಿದ್ದರೆ ನಿಲ್ಲಿಸಿ, ಅಳುವ ಮಗುವಿನ ತಲೆಗೆ ಲೆಕ್ಕ ಹೋಗುವುದಿಲ್ಲ. ಆದರೆ ಅದೇ ದಿನ ಸಂಜೆಯೊಳಗೆ, ಸಮಾಧಾನವಾದಾಗ, ಆ ಪಾಠದ ಒಂದು ಚೂರಾದರೂ ಆಗಲೇಬೇಕು. ಒಂದು ಲೆಕ್ಕ ಸಾಕು. ಇದನ್ನು ಬಿಟ್ಟರೆ ಅತ್ತರೆ ಪಾಠ ತಪ್ಪುತ್ತದೆ ಎಂಬ ಹೊಸ ನಿಯಮ ಮನೆಯಲ್ಲಿ ಜಾರಿಗೆ ಬರುತ್ತದೆ.

ಬಹುಮಾನದ ಆಮಿಷದ ಬಗ್ಗೆ ಎಚ್ಚರ ಇರಲಿ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಆಮೇಲಿನ ದಿನಗಳಲ್ಲಿ ತಾವಾಗಿ ಚಿತ್ರ ಬಿಡಿಸುವುದು ಕಡಿಮೆಯಾದದ್ದು ಅದೇ ಮಕ್ಕಳಲ್ಲಿ. ಏನೂ ಹೇಳದೆ ಕೊನೆಗೆ ಪ್ರಶಸ್ತಿಪತ್ರ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಆದ್ದರಿಂದ ಮಗುವಿಗೆ ಈಗಾಗಲೇ ರುಚಿಸುತ್ತಿರುವ ವಿಷಯಕ್ಕೆ ಸ್ಟಾರು, ಚಾಕಲೇಟು ಅಂಟಿಸಬೇಡಿ.

ಶಾಲೆ ಬಿಡಿಸಿ ಈ ವರ್ಷವೇ ಮನೆಗೆ ತಂದ ಮಗುವಿನ ದಾರಿ ಬೇರೆ. ಅದಕ್ಕೆ ‘ಡಿಸ್ಕೂಲಿಂಗ್’ ಎಂಬ ಬಿಡುವು ಬೇಕೆನ್ನುತ್ತಾರೆ. (ಚಿಂತಕ ಇವಾನ್ ಇಲಿಚ್ 1971ರಲ್ಲಿ ಈ ಪದವನ್ನು ಬಳಸಿದ್ದು ಇಡೀ ಸಮಾಜದ ಬಗ್ಗೆ, ಒಂದು ಮಗುವಿನ ಬಗ್ಗೆ ಅಲ್ಲ.) ಶಾಲೆಯಲ್ಲಿ ಕಳೆದ ಒಂದೊಂದು ವರ್ಷಕ್ಕೆ ಒಂದೊಂದು ತಿಂಗಳು ಎಂಬುದು ರೂಢಿಯ ಲೆಕ್ಕ, ಅದಕ್ಕೆ ಸಂಶೋಧನೆಯ ಆಧಾರವೇನೂ ಇಲ್ಲ. ನನ್ನ ಮಟ್ಟಿಗೆ ಅಷ್ಟು ಉದ್ದದ ಪೂರ್ತಿ ರಜೆ ಬೇಕಾಗಿಲ್ಲ. ದಿನವೂ ಗಟ್ಟಿಯಾಗಿ ಕಥೆ ಓದುವುದು, ಅಳತೆ ತೂಕ ಇರುವ ಮನೆಗೆಲಸ, ಇಷ್ಟಿದ್ದರೆ ಪಠ್ಯಪುಸ್ತಕ ಆರೆಂಟು ವಾರ ಕಾಯಬಹುದು.

ಹದಿಮೂರು ದಾಟಿದವರ ಜೊತೆ ಗುಡ್ಡೆ ಆಟ, ಮರಳಿನ ಗಡಿಯಾರ ನಡೆಯುವುದಿಲ್ಲ. ಆ ವಯಸ್ಸಿನಲ್ಲಿ ನಿದ್ದೆಯ ಹೊತ್ತು ಮೈಯೊಳಗೇ ತಡವಾಗುತ್ತದೆ, ಆದ್ದರಿಂದ ಪಾಠ ಒಂದು ಗಂಟೆ ತಡವಾಗಿ ಶುರುವಾಗಲಿ. ಒಂದು ವಿಷಯವನ್ನು ಪೂರ್ತಿ ಅವರೇ ಆರಿಸಲಿ. ವಾರದ ಕೆಲಸ ಹಾಳೆಯ ಮೇಲಿರಲಿ, ಯಾವ ದಿನ ಯಾವುದು ಎಂಬುದು ಅವರಿಗೆ ಬಿಟ್ಟದ್ದು, ವಾರದ ಕೊನೆಗೆ ಹದಿನೈದು ನಿಮಿಷ ಕೂತು ನೋಡುವುದು. ನಡುವೆ ದಿನಕ್ಕೆ ಮೂರು ಸಲ ‘ಆಯ್ತಾ?’ ಎಂದು ಕೇಳಿದರೆ ಕೊಟ್ಟ ಸ್ವಾತಂತ್ರ್ಯ ವಾಪಸ್ ತೆಗೆದುಕೊಂಡಂತೆ.

ಹಠದ ಹಿಂದೆ ಒಂಟಿತನ ಇರುವುದೂ ಉಂಟು. ಅದಕ್ಕೆ ಪಾಠದಲ್ಲಿ ಮದ್ದಿಲ್ಲ. ವಾರಕ್ಕೊಮ್ಮೆಯಾದರೂ ಇನ್ನೊಂದು ಮಗುವಿನ ಜೊತೆ ಕಳೆಯುವ ಹೊತ್ತನ್ನು ಕ್ಯಾಲೆಂಡರಿನಲ್ಲಿ ಬರೆದುಬಿಡಿ, ಮಗುವಿಗೆ ಕಾಣುವಂತೆ.

ಭಾರ ಇಳಿಸಿ ಐದಾರು ವಾರವಾದರೂ ಓದಲು ಕೂತಾಗಲೆಲ್ಲ ತಲೆನೋವು, ಕಣ್ಣುಜ್ಜುವುದು, ಪುಸ್ತಕವನ್ನು ಮುಖಕ್ಕೆ ಹತ್ತಿರ ತರುವುದು, ಸಾಲು ಬಿಟ್ಟು ಓದುವುದು ಇದ್ದರೆ ಮೊದಲು ಕಣ್ಣು, ಕಿವಿ ತೋರಿಸಿ. ಅವು ಸರಿಯಿದ್ದೂ ಅಕ್ಷರ ಕೂಡಿಸಲು ಬಾರದಿದ್ದರೆ ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕಿನ ತಪಾಸಣೆ ಬೇಕು. ಊಟ, ನಿದ್ದೆ, ಆಟದಲ್ಲೂ ಆಸಕ್ತಿ ಹೋಗಿದ್ದರೆ ಅದನ್ನು ಓದಿನ ಸಮಸ್ಯೆ ಎಂದುಕೊಳ್ಳದೆ ವೈದ್ಯರನ್ನು ಕಾಣಿ.

ಕಡೆಯದಾಗಿ ಒಂದು ನೋಟ್‌ಬುಕ್. ಪ್ರತಿದಿನ ಒಂದೇ ಸಾಲು: ಎಷ್ಟು ಹೊತ್ತಿಗೆ ಕೂತದ್ದು, ಏನು ಮಾಡಿದ್ದು, ಎಷ್ಟು ಹೊತ್ತಿಗೆ ತಕರಾರು ಎದ್ದದ್ದು. ಮೂರು ವಾರವಾದ ಮೇಲೆ ಕೊನೆಯ ಕಾಲಂ ಮಾತ್ರ ಓದುತ್ತ ಬನ್ನಿ. ತಕರಾರು ಒಂದೇ ವಿಷಯದಲ್ಲಿ ಬರುತ್ತಿದ್ದರೆ ಆ ವಿಷಯದ ಮಟ್ಟ ನೋಡಬೇಕು. ವಿಷಯ ಯಾವುದೇ ಇರಲಿ, ಹನ್ನೊಂದೂಕಾಲಿನ ಆಸುಪಾಸಿನಲ್ಲೇ ಬರುತ್ತಿದ್ದರೆ, ಮಗುವಿಗೆ ಹಸಿವಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಓದುಗರೊಬ್ಬರು